ಸಹಾಯ ಬೇಕು: ಸಿಂಗಾಪುರ–ನ್ಯೂಯಾರ್ಕ್ ದೂರ ಸರಿ ಬಂದಿದೆ, ಹಾರಾಟದ ಸಮಯ ಹೊಂದುತ್ತಿಲ್ಲ

ಚಾಂಗಿ ವಿಮಾನ ನಿಲ್ದಾಣದಿಂದ (ಅಕ್ಷಾಂಶ 1.3644, ರೇಖಾಂಶ 103.9915) ನ್ಯೂಯಾರ್ಕಿನ ಜಾನ್ ಎಫ್. ಕೆನಡಿಗೆ (40.6413, -73.7781) ಹ್ಯಾವರ್‌ಸೈನ್ ಸೂತ್ರದಲ್ಲಿ (ಗೋಳದ ಮೇಲಿನ ಎರಡು ಸ್ಥಳಗಳ ನಡುವಿನ ಕನಿಷ್ಠ ದೂರ ಕೊಡುವ ಸೂತ್ರ), ಭೂಮಿಯ ತ್ರಿಜ್ಯ 6,371 ಕಿ.ಮೀ. ಇಟ್ಟು ಲೆಕ್ಕ ಹಾಕಿದರೆ ಸುಮಾರು 15,340 ಕಿ.ಮೀ. ಬರುತ್ತದೆ. ಡಿಗ್ರಿಯನ್ನು ರೇಡಿಯನ್‌ಗೆ ಬದಲಿಸಿದ್ದಾಗಿದೆ. ಪಶ್ಚಿಮ ರೇಖಾಂಶದ ಮೈನಸ್ ಚಿಹ್ನೆಯೂ ಇದೆ. ಅದೊಂದು ಬಿಟ್ಟುಹೋದರೆ ಉತ್ತರ 5,320ಕ್ಕೆ ಕುಸಿಯುತ್ತದೆ, ಹಾಗಾಗಿ ದಯವಿಟ್ಟು ಅದನ್ನೇ ಮತ್ತೆ ಹೇಳಬೇಡಿ!

ತೊಡಕಿರುವುದು ಸಮಯದಲ್ಲಿ. ಗಂಟೆಗೆ 900 ಕಿ.ಮೀ. ಎಂದರೆ 17 ಗಂಟೆ. ಏರುವ, ಇಳಿಯುವ, ರನ್‌ವೇವರೆಗೆ ಸಾಗುವ ಹೊತ್ತಿಗೆ ಅರ್ಧ ಗಂಟೆ ಸೇರಿಸಿದರೂ ಹದಿನೇಳೂವರೆ. ವೇಳಾಪಟ್ಟಿ ಮಾತ್ರ 18 ಗಂಟೆ ದಾಟುತ್ತದೆ. ಸ್ಥಳೀಯ ಸಮಯದ ಗೊಂದಲವಲ್ಲ, ಚಳಿಗಾಲದ 13 ಗಂಟೆ, ಬೇಸಿಗೆಯ 12 ಗಂಟೆ ವ್ಯತ್ಯಾಸ ಕಳೆದೇ ನೋಡಿದ್ದು.

ವಿಮಾನ ಮಹಾವೃತ್ತದ (ಆ ಕನಿಷ್ಠ ದೂರದ ದಾರಿಯ) ಮೇಲೇ ಹಾರುವುದಿಲ್ಲ, ಜೆಟ್ ಸ್ಟ್ರೀಮ್ (ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಬಲವಾದ ಗಾಳಿ) ಬೆನ್ನಿಗೆ ಸಿಗಲೆಂದು ಪೆಸಿಫಿಕ್ ಕಡೆ ಬಳಸಿಯೂ ಹೋಗುತ್ತದೆ. ಮುಚ್ಚಿದ ವಾಯುಪ್ರದೇಶಗಳ ಸುತ್ತು ಬೇರೆ. ಇದನ್ನೆಲ್ಲ ಒಂದೇ ಶೇಕಡಾವಾರು ಗುಣಕದಲ್ಲಿ ಹಿಡಿಯಬಹುದೇ, ಅಥವಾ ಹೋಗುವ-ಬರುವ ದಿಕ್ಕಿಗೆ, ಋತುವಿಗೆ ಬೇರೆ ಬೇರೆ ಗಾಳಿ ವೇಗ ಹಾಕಬೇಕೇ? ಸ್ಪ್ರೆಡ್‌ಶೀಟ್‌ನಲ್ಲಿ ಮಾಡಿದವರು ಸೂತ್ರದ ಸಮೇತ ತಿಳಿಸಿ.