ಐವತ್ತು ದಾಟಿದ ಮೇಲೆ ಸೈಕಲ್ ಹುರುಪು ಉಳಿಸಿಕೊಳ್ಳೋದು ಹೇಗೆ? ಅನುಭವ ಇದ್ದವರು ಹೇಳಿ

ವಿನೋಬನಗರದವ: ನಂಗೀಗ 54. ಗೇರ್ ಸೈಕಲ್ ತಗೊಂಡು ಗಾಜನೂರು ಡ್ಯಾಮ್ ತನಕ ಹೋಗಿಬರ್ತಿದ್ದೆ. ಮಳೆಗಾಲದಲ್ಲಿ ಬಿಟ್ಟದ್ದು ಬಿಟ್ಟೇ ಹೋಯ್ತು, ಈಗ ಅದರ ಮೇಲೆ ಟವೆಲ್ ಒಣಗ್ತಿದೆ. ಆಗುಂಬೆ ಆಸೆ ಮಾತ್ರ ಹಾಗೇ ಇದೆ. ನೀವೆಲ್ಲ ಏನು ಮಾಡಿದ್ರಿ?

ಮಂಡಗದ್ದೆ ಮಾವ: ಖರ್ಚು ಕೇಳಿ ಮೊದಲು. ಸೈಕಲ್ 38,000. ಒಂದೇ ಮಳೆಗಾಲಕ್ಕೆ ಚೈನ್ 1,150, ಕ್ಯಾಸೆಟ್ ಅಂದ್ರೆ ಹಿಂದಿನ ಚಕ್ರದ ಹಲ್ಲುಗಾಲಿಗಳ ಗೊಂಚಲು 1,900, ಬ್ರೇಕ್ ಪ್ಯಾಡ್ 480. ರಿಪೇರಿಗೆ ಕೊಟ್ಟರೆ ಆ ಪುಣ್ಯಾತ್ಮ ಡಿರೇಲರ್ ಹ್ಯಾಂಗರ್ (ಗೇರ್ ಬದಲಿಸೋ ಭಾಗವನ್ನ ಹಿಡಿದಿಡೋ ತುಂಡು) ಬಗ್ಗಿಸಿ, "ಎಲ್ಲೋ ಬೀಳಿಸಿದೀರಿ ಸಾರ್" ಅಂದ! ಬೆರಳುದ್ದದ ಆ ತುಂಡಿಗೆ 650, ಕೊರಿಯರ್ 120 ಬೇರೆ. ಇಷ್ಟು ಸುರಿದ ಮೇಲೆ ಮನೇಲಿ ಕೂತರೆ ಹೊಟ್ಟೆ ಉರಿಯುತ್ತೆ, ಅದಕ್ಕೇ ಹೊರಡ್ತೀನಿ.

ಕುಶಾವತಿ: ನಂದು ಮಂಡಿ ಕಥೆ. ಮುಂಭಾಗ ಚುಚ್ಚೋದು. ಡಾಕ್ಟರು ಸೈಕಲ್ ಮಾರಿಬಿಡಿ ಅಂದ್ರು. ಮಾರಲಿಲ್ಲ. ಸೀಟು ತೀರಾ ಕೆಳಗಿತ್ತು ಅಷ್ಟೇ. ಪೆಡಲ್ ಕೆಳಗೆ ಬಂದಾಗ ಕಾಲು ಚೂರೇ ಮಡಚೋ ಹಾಗೆ ಏರಿಸಿದೆ, ನೋವು ಇಳೀತು. 57ಕ್ಕೆ ಸೋಮೇಶ್ವರದಿಂದ ಆಗುಂಬೆ ಹತ್ತಿದೆ. 14 ತಿರುವು. ಬಸ್ಸು ಬಂದಲ್ಲೆಲ್ಲ ಇಳಿದು ತಳ್ಳಿದೆ.

ಬ್ರೆವೆ ಭಟ್ಟ: ತಳ್ಳಿದ್ದನ್ನ ಹತ್ತಿದ್ದು ಅನ್ನಬಾರದು ಅಕ್ಕಾ. ಬ್ರೆವೆ ಅಂದ್ರೆ ಗೊತ್ತಾದ ಸಮಯದೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿ. 200 ಕಿ.ಮೀ. ಬ್ರೆವೆಗೆ ಹದಿಮೂರೂವರೆ ಗಂಟೆ, ಅಷ್ಟೇ. ಎರಡು ಪಂಕ್ಚರ್ ಆಗಿ ಒಂಬತ್ತು ನಿಮಿಷ ತಡವಾಯ್ತು, ಲೆಕ್ಕಕ್ಕೇ ಬರಲಿಲ್ಲ. ಒಂದು ಟ್ಯೂಬಿನ ವಾಲ್ವ್ ಬುಡದಲ್ಲೇ ಹರಿದಿತ್ತು, ಪ್ಯಾಚ್ ಕೂರೋದಿಲ್ಲ. ನಾನೇನು ಮುಗಿಸಿದೆ ಅಂತ ಹೇಳ್ಕೊಂಡು ತಿರುಗಿದ್ನಾ?

ಕುಶಾವತಿ: ಬಯಲುಸೀಮೆ ಚಪ್ಪಟೆ ರಸ್ತೇಲಿ ಒಂಬತ್ತು ನಿಮಿಷ ತಡ ಆದೋರು ಘಾಟಿ ವಿಷ್ಯ ಮಾತಾಡ್ಬೇಡಿ ಭಟ್ರೇ. ನೀವು ತೀರ್ಥಹಳ್ಳಿ ಕಡೆಯಿಂದ ಆಗುಂಬೆಗೆ ಬಂದು ಫೋಟೋ ಹಾಕಿದ್ದು ನೆನಪಿದೆ. ಆ ಕಡೆ ಘಾಟಿ ಎಲ್ಲಿದೆ?

ಹೊಸನಗರ ಗೌಡ: ಜಗಳ ಯಾಕೆ ಮಾರಾಯ್ರೆ, ಮೋಟಾರ್ ಸೈಕಲ್ ತಗೊಳ್ಳಿ. ಅಂದ್ರೆ ಬ್ಯಾಟರಿದು. 250 ವಾಟ್, ರಿಜಿಸ್ಟ್ರೇಷನ್ ಬೇಡ. ತೋಟದಿಂದ ಪೇಟೆಗೆ ದಿನಾ ಹೋಗ್ತೀನಿ.

ಬ್ರೆವೆ ಭಟ್ಟ: ಅದು ಸೈಕಲ್ ಅಲ್ಲ, ಸ್ಕೂಟರ್.

ಹೊಸನಗರ ಗೌಡ: ಬೆವರು ನಂದೇ ಬರ್ತದೆ ಸ್ವಾಮಿ. ಕಾಲಿಗೆ ಇಂಬಳನೂ (ಜಿಗಣೆ) ನಿಮಗೆ ಹತ್ತಿದಷ್ಟೇ ಹತ್ತುತ್ತೆ.

ಮಂಡಗದ್ದೆ ಮಾವ: ಸಾಕ್ಸಿಗೆ ಹೊಗೆಸೊಪ್ಪಿನ ನೀರು ಹಾಕಿ. ಅದಿರಲಿ, ಬ್ಯಾಟರಿ ಎಷ್ಟು ದಿನ ಬಂತು?

ಹೊಸನಗರ ಗೌಡ: ಡಬ್ಬದ ಮೇಲೆ ಒಂದು ಚಾರ್ಜಿಗೆ 45 ಕಿ.ಮೀ. ಅಂತಿತ್ತು, ನಮ್ಮ ಏರಿಗೆ ಅರ್ಧ. ಎರಡನೇ ವರ್ಷಕ್ಕೇ ಬದಲಾಯಿಸಿದೆ, 14,000.

ವಿನೋಬನಗರದವ: ನಾನು ಕೇಳಿದ್ದು…

ಕುಶಾವತಿ: ನೀವು ಸೀಟು ನೋಡ್ಕೊಳ್ಳಿ. ಭಟ್ರು ಇನ್ನೂ ಉತ್ತರ ಕೊಟ್ಟಿಲ್ಲ.