ಬ್ರಾಂಕೋಸ್ಕೋಪಿ ಇಲ್ಲದೆ ಫಂಗಸ್ ನ್ಯುಮೋನಿಯಾ ಪತ್ತೆ ಆಗುತ್ತಾ?

ಪ್ರಶ್ನೆ: ಅಪ್ಪನಿಗೆ ಲ್ಯುಕೇಮಿಯಾ, ಕೀಮೋ ನಡೀತಿದೆ. ಆಂಟಿಬಯಾಟಿಕ್ ಕೊಟ್ಟರೂ ಜ್ವರ ಇಳಿಯುತ್ತಿಲ್ಲ. ಶ್ವಾಸಕೋಶದಲ್ಲಿ ಫಂಗಸ್ ಇರಬಹುದು ಅಂತಾರೆ ಡಾಕ್ಟರು. ಪ್ಲೇಟ್‌ಲೆಟ್ ತುಂಬಾ ಕಡಿಮೆ ಇರುವುದರಿಂದ ರಕ್ತಸ್ರಾವ ಆದೀತು ಅಂತ ಬ್ರಾಂಕೋಸ್ಕೋಪಿಗೆ (ಶ್ವಾಸನಾಳಕ್ಕೆ ಕೊಳವೆ ಇಳಿಸಿ ನೋಡುವುದು) ಹಿಂದೇಟು ಹಾಕುತ್ತಿದ್ದಾರೆ. ರಕ್ತ ಪರೀಕ್ಷೆಯಲ್ಲೇ ಗೊತ್ತಾಗುತ್ತಾ? ಅನುಭವ ಇದ್ದವರು ದಯವಿಟ್ಟು ಹೇಳಿ.

ಉತ್ತರ: ನನ್ನ ತಮ್ಮನಿಗೂ ಹೀಗೇ ಆಗಿತ್ತು. ಮೊದಲು ಸಿಟಿ ಸ್ಕ್ಯಾನ್ ಮಾಡಿಸಿದರು. ಶ್ವಾಸಕೋಶದಲ್ಲಿದ್ದ ಗಂಟಿನ ಸುತ್ತ ಮಂಜು ಕವಿದಂಥ ಮಸುಕು ಉಂಗುರ ಕಂಡಿತು. ಹೇಲೋ ಸೈನ್ ಅಂತಾರೆ ಅದಕ್ಕೆ. ಆಸ್ಪರ್ಜಿಲಸ್ ಅನ್ನುವ ಫಂಗಸ್‌ನ ಅನುಮಾನ ಬಂದಿದ್ದೇ ಅಲ್ಲಿಂದ. ಆಮೇಲೆ ಗ್ಯಾಲಾಕ್ಟೋಮನ್ನಾನ್ ಟೆಸ್ಟ್. ಆ ಫಂಗಸ್‌ನ ಕೋಶದ ಗೋಡೆಯಿಂದ ರಕ್ತಕ್ಕೆ ಸೇರುವ ಒಂದು ಸಕ್ಕರೆ ಅಂಶವನ್ನು ಇದು ಹುಡುಕುತ್ತದೆ. ರಿಪೋರ್ಟಿನಲ್ಲಿ ಇಂಡೆಕ್ಸ್ ಅಂತ ಇರುತ್ತದೆ, ಸಾಮಾನ್ಯವಾಗಿ 0.5 ದಾಟಿದರೆ ಪಾಸಿಟಿವ್. ತಮ್ಮನಿಗೆ ಮೊದಲು ನೆಗೆಟಿವ್ ಬಂತು, ಮತ್ತೆ ಮಾಡಿಸಿದಾಗ ಪಾಸಿಟಿವ್. ನಿಮ್ಮ ಅಪ್ಪ ಪೊಸಕೊನಜೋಲ್ ಅಥವಾ ವೊರಿಕೊನಜೋಲ್ (ಫಂಗಸ್ ವಿರುದ್ಧದ ಔಷಧಿಗಳು) ಮೊದಲಿಂದಲೇ ತಗೊಳ್ಳುತ್ತಿದ್ದಾರಾ, ನೋಡಿ. ತಗೊಳ್ಳುತ್ತಿದ್ದರೆ ಫಂಗಸ್ ಇದ್ದರೂ ಈ ಟೆಸ್ಟಿಗೆ ಸಿಗದೇ ಹೋಗಬಹುದು.

ಉತ್ತರ: ನನ್ನದು ಕಿಡ್ನಿ ಕಸಿ, ಬಂದಿದ್ದು ನ್ಯುಮೋಸಿಸ್ಟಿಸ್ ಅನ್ನುವ ಇನ್ನೊಂದು ಫಂಗಸ್. ಒಣ ಕೆಮ್ಮು, ಬಾತ್‌ರೂಮಿಗೆ ಹೋಗಿ ಬಂದರೂ ಏದುಸಿರು. ಕಫವೇ ಬರುತ್ತಿರಲಿಲ್ಲ. ಗಟ್ಟಿ ಉಪ್ಪುನೀರಿನ ನೆಬ್ಯುಲೈಸರ್ ಹಾಕಿ, ಕೆಮ್ಮಿಸಿ ಕೆಮ್ಮಿಸಿ ಒಂದಿಷ್ಟು ತೆಗೆಸಿದರು, ಪಿಸಿಆರ್‌ಗೆ ಕಳಿಸಿದರು. ಪಕ್ಕೆಯೆಲ್ಲ ನೋವು, ಆದರೂ ಬ್ರಾಂಕೋಸ್ಕೋಪಿ ತಪ್ಪಿತು! ಜೊತೆಗೆ ರಕ್ತದಲ್ಲಿ ಬೀಟಾ-ಡಿ-ಗ್ಲುಕಾನ್ (ಹಲವು ಫಂಗಸ್‌ಗಳ ಕೋಶದ ಗೋಡೆಯಲ್ಲಿರುವ ಅಂಶ) ನೋಡಿದರು. ಅದು ನೆಗೆಟಿವ್ ಬಂದರೆ ನ್ಯುಮೋಸಿಸ್ಟಿಸ್ ಇರುವ ಸಾಧ್ಯತೆ ಕಡಿಮೆ. ಪಾಸಿಟಿವ್ ಬಂದರೆ ಯಾವ ಫಂಗಸ್ ಅಂತ ಅದೊಂದೇ ಹೇಳುವುದಿಲ್ಲ. ಡಯಾಲಿಸಿಸ್, ಆಲ್ಬುಮಿನ್, ಇಮ್ಯುನೊಗ್ಲಾಬ್ಯುಲಿನ್ ಇವುಗಳಿಂದಲೂ ಸುಮ್ನೆ ಪಾಸಿಟಿವ್ ತೋರಿಸಬಹುದು.

ಉತ್ತರ: ಲ್ಯಾಬಿನಲ್ಲಿ ಕೆಲಸ ಮಾಡುವವಳಾಗಿ ಒಂದು ಮಾತು. ಮ್ಯೂಕರ್ ಅನ್ನುವ ಫಂಗಸ್ ಈ ಎರಡೂ ರಕ್ತ ಪರೀಕ್ಷೆಗೆ ಸಿಗುವುದಿಲ್ಲ. ಎರಡೂ ನೆಗೆಟಿವ್ ಅಂದ ತಕ್ಷಣ ಫಂಗಸ್ಸೇ ಇಲ್ಲ ಅಂದುಕೊಳ್ಳಬೇಡಿ. ಕ್ರಿಪ್ಟೊಕಾಕಸ್‌ಗೆ ಬೇರೆಯೇ ಆಂಟಿಜೆನ್ ಟೆಸ್ಟ್ ಇದೆ. "ಫಂಗಸ್ ಟೆಸ್ಟ್ ಆಯ್ತಾ?" ಅಂತ ಕೇಳುವ ಬದಲು "ಯಾವ ಫಂಗಸ್‌ಗೆ ಮಾಡಿಸಿದಿರಿ?" ಅಂತ ಕೇಳಿ.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ಚೀಟಿ ನೋಡಿದೆ, ಪೊಸಕೊನಜೋಲ್ ಇದೆ. ರಿಪೋರ್ಟ್ ಬರುವವರೆಗೂ ಔಷಧಿ ಶುರು ಮಾಡುವುದಿಲ್ವಾ?

ಉತ್ತರ: ತಮ್ಮನಿಗೆ ರಕ್ತ ತೆಗೆದುಕೊಂಡ ದಿನವೇ ಶುರು ಮಾಡಿದ್ದರು, ಕಾಯಲಿಲ್ಲ. ನಿಮ್ಮಲ್ಲಿ ಹೇಗೆ ಅಂತ ಡಾಕ್ಟರನ್ನೇ ಕೇಳಿ, ಪೊಸಕೊನಜೋಲ್ ಎಂದಿನಿಂದ ನಡೀತಿದೆ ಅನ್ನುವುದನ್ನೂ ಹೇಳಿ.