ಬಂಧನದ ನಂತರ ಪೊಲೀಸ್ ಶೋಧ: ವಕೀಲರೊಂದಿಗೆ ಪ್ರಶ್ನೋತ್ತರ

ನಿರ್ವಾಹಕರು: ಶಿವಮೊಗ್ಗದಲ್ಲಿ ಕ್ರಿಮಿನಲ್ ಪ್ರಕರಣಗಳನ್ನು ನಡೆಸುವ ವಕೀಲರೊಬ್ಬರು ಇಂದು ಉತ್ತರಿಸಲಿದ್ದಾರೆ. ಅವರು ಹೇಳುವ ಕಲಂಗಳು 2024ರ ಜುಲೈ 1ರಿಂದ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಬದಲು ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯವು. ದಯವಿಟ್ಟು ಯಾರೂ ಪ್ರಕರಣದ ಹೆಸರು, ಠಾಣೆಯ ಹೆಸರು ಬರೆಯಬಾರದು.

ಸೊರಬದ ಸದಸ್ಯರು: ನಮಸ್ಕಾರ ಮೇಡಂ. ಬಂಧಿಸಿದವರ ಜೇಬು ನೋಡಲು ಪೊಲೀಸರಿಗೆ ವಾರಂಟ್ ಬೇಕೇ?

ವಕೀಲರು: ನಮಸ್ಕಾರ. ಬೇಡ. ಕಲಂ 49ರ ಪ್ರಕಾರ ಬಂಧಿತರ ಮೈ ಶೋಧಿಸಬಹುದು. ಉಟ್ಟ ಬಟ್ಟೆ ಬಿಟ್ಟು ಉಳಿದದ್ದನ್ನು ವಶದಲ್ಲಿ ಇಟ್ಟುಕೊಂಡು, ತೆಗೆದುಕೊಂಡ ವಸ್ತುಗಳಿಗೆ ರಸೀದಿ ಕೊಡಬೇಕು. ಹೆಂಗಸರನ್ನು ಹೆಂಗಸರೇ, ಮರ್ಯಾದೆಗೆ ಕುಂದು ಬಾರದಂತೆ ಶೋಧಿಸಬೇಕು.

ಹೊಸನಗರದ ಸದಸ್ಯರು: ಮೇಡಂ, ನನ್ನ ತಮ್ಮನನ್ನು ಅಡಿಕೆ ಕಳವಿನ ಪ್ರಕರಣದಲ್ಲಿ ಬೇರೆ ತಾಲ್ಲೂಕಿನ ಠಾಣೆಯವರು ಮಂಡಿಯ ಎದುರೇ ಬಂಧಿಸಿದರು. ಅದೇ ಸಂಜೆ ನಮ್ಮ ಮನೆಗೆ ಬಂದು, ಅಮ್ಮ ಒಬ್ಬರೇ ಇದ್ದಾಗ ಅಟ್ಟ ಹತ್ತಿ, ನಾವೇ ಬೇಯಿಸಿ ಒಣಗಿಸಿದ್ದ ಮೂರು ಚೀಲ ರಾಶಿ ಅಡಿಕೆಯನ್ನೂ ತಮ್ಮನ ಹೆಂಡತಿಯ ಮೊಬೈಲನ್ನೂ ಒಯ್ದರು. ಪಂಚರೆಂದು, ಅಂದರೆ ಶೋಧಕ್ಕೆ ಸಾಕ್ಷಿಗಳೆಂದು, ಹೇಳಿದವರು ಪೊಲೀಸರ ಜೀಪಿನಲ್ಲೇ ಬಂದಿದ್ದರು. ಪಟ್ಟಿ ಕೊಡಲಿಲ್ಲ, ಅಮ್ಮನಿಂದ ಬಿಳಿ ಹಾಳೆಗೆ ಸಹಿ ಹಾಕಿಸಿಕೊಂಡರು. ತಮ್ಮನ ಬಂಧನವಾಗಿದೆ ಎಂದಮೇಲೆ ಮನೆಯನ್ನೂ ಜಾಲಾಡಬಹುದೇ?

ವಕೀಲರು: ಇದಕ್ಕೆ ವಿವರವಾಗಿಯೇ ಬರೆಯಬೇಕಾಗಿದೆ. ಮಂಡಿಯ ಎದುರು ಆದ ಬಂಧನವು ನಿಮ್ಮ ತಮ್ಮನ ಮೈ ಶೋಧಿಸುವ ಅಧಿಕಾರ ಕೊಡುತ್ತದೆ, ನಿಮ್ಮ ಅಟ್ಟ ಹತ್ತುವ ಅಧಿಕಾರವನ್ನಲ್ಲ. ಮನೆಗೆ ಬರಲು ನ್ಯಾಯಾಲಯದ ವಾರಂಟ್ ಇರಬೇಕು. ಇಲ್ಲವೇ ತಡ ಮಾಡಿದರೆ ವಸ್ತು ಕೈತಪ್ಪುತ್ತದೆ ಎಂದು ನಂಬಲು ಇರುವ ಕಾರಣವನ್ನೂ, ಯಾವ ವಸ್ತು ಹುಡುಕುತ್ತಿದ್ದೇವೆ ಎಂಬುದನ್ನೂ ತನಿಖಾಧಿಕಾರಿಯು ಕಲಂ 185ರಂತೆ ಶೋಧಕ್ಕೆ ಮೊದಲೇ ಬರೆದಿಟ್ಟಿರಬೇಕು. ಆ ಬರಹದ ಪ್ರತಿ 48 ಗಂಟೆಯೊಳಗೆ ಹತ್ತಿರದ ಮ್ಯಾಜಿಸ್ಟ್ರೇಟರಿಗೆ ಹೋಗಬೇಕು, ಮನೆಯವರು ಅರ್ಜಿ ಹಾಕಿದರೆ ಮ್ಯಾಜಿಸ್ಟ್ರೇಟರು ಅದರ ಪ್ರತಿಯನ್ನು ಉಚಿತವಾಗಿ ಕೊಡಬೇಕು. ನಾಳೆಯೇ ಆ ಅರ್ಜಿ ಹಾಕಿ, ಏಕೆಂದರೆ ಕಾರಣ ಮೊದಲು ಬರೆದದ್ದೋ ಆಮೇಲೆ ಹೊಂದಿಸಿದ್ದೋ ಎಂಬುದು ಅಲ್ಲಿಂದಲೇ ತಿಳಿಯಲು ಶುರುವಾಗುತ್ತದೆ.

ನಿಮ್ಮ ಪ್ರಕರಣದಲ್ಲಿ ಇನ್ನೊಂದು ಅಂಶವಿದೆ. ಬಂದವರು ಬೇರೆ ಠಾಣೆಯವರು. ತಮ್ಮ ಸರಹದ್ದಿನ ಹೊರಗೆ ಶೋಧಿಸಬೇಕಾದರೆ ಅಲ್ಲಿನ ಠಾಣಾಧಿಕಾರಿಯಿಂದ ಶೋಧ ಮಾಡಿಸುವುದು ಸಾಮಾನ್ಯ ಕ್ರಮ. ತುರ್ತಿನಲ್ಲಿ ತಾವೇ ಶೋಧಿಸಿದರೆ ಕಲಂ 186ರ ಪ್ರಕಾರ ಕೂಡಲೇ ಆ ಠಾಣೆಗೆ ನೋಟಿಸನ್ನೂ, ಪಟ್ಟಿಯ ಪ್ರತಿಯನ್ನೂ ಕಳಿಸಬೇಕು. ಆದ್ದರಿಂದ ನಿಮ್ಮೂರಿನ ಠಾಣೆಗೆ ಆ ನೋಟಿಸು ಬಂದಿದೆಯೇ ಎಂದು ಲಿಖಿತವಾಗಿ ಕೇಳಿ.

ಪಂಚರ ವಿಷಯವನ್ನು ಕಲಂ 103 ಸ್ಪಷ್ಟವಾಗಿ ಹೇಳಿದೆ: ಅದೇ ಊರುಕೇರಿಯ, ಸ್ವತಂತ್ರರೂ ಗೌರವಸ್ಥರೂ ಆದ ಇಬ್ಬರು ಅಥವಾ ಹೆಚ್ಚು ಜನ ಇರಬೇಕು, ಅಂಥವರು ಸಿಗದಿದ್ದರೆ ಅಥವಾ ಒಪ್ಪದಿದ್ದರೆ ಮಾತ್ರ ಹೊರಗಿನವರನ್ನು ಕರೆಯಬಹುದು. ಶೋಧವನ್ನು ನಿಂತು ನೋಡಲು ಮನೆಯವರಿಗೆ ಅವಕಾಶವಿರಬೇಕು, ವಸ್ತುಗಳ ಪಟ್ಟಿಗೆ ಪಂಚರು ಸಹಿ ಮಾಡಬೇಕು, ಆ ಪಟ್ಟಿಯ ಪ್ರತಿಯು ಮನೆಯವರಿಗೆ ಸಿಗಬೇಕು. ಕಲಂ 105ರಂತೆ ಇಡೀ ಶೋಧದ, ಪಟ್ಟಿ ತಯಾರಿಸಿ ಸಹಿ ಹಾಕುವವರೆಗಿನ ವಿಡಿಯೊ ಆಗಬೇಕು. ಅಟ್ಟದಿಂದ ಚೀಲ ಇಳಿಸುವುದು ಆ ವಿಡಿಯೊದಲ್ಲಿ ಇದೆಯೇ ಎಂದು ನಾವು ಕೇಳಬೇಕು.

ನನಗೆ ಹೆಚ್ಚು ಆತಂಕ ತಂದಿರುವುದು ಬಿಳಿ ಹಾಳೆಯ ಸಹಿ. ಅದು ಮಹಜರೂ (ಪಂಚರ ಎದುರು ನಡೆದ ಶೋಧದ ದಾಖಲೆ) ಆಗಬಹುದು, ಅಮ್ಮನ ಒಪ್ಪಿಗೆ ಪತ್ರವೂ ಆಗಬಹುದು. ಶೋಧ ಯಾವ ದಿನ, ಯಾವ ಹೊತ್ತಿಗೆ ನಡೆಯಿತು, ಯಾರು ಯಾರು ಬಂದಿದ್ದರು, ಏನೂ ಬರೆಯದ ಹಾಳೆಗೆ ಸಹಿ ಪಡೆದರು ಎಂಬುದನ್ನೆಲ್ಲ ಅಮ್ಮನ ಮಾತಿನಲ್ಲೇ ಬರೆದು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೂ ಮ್ಯಾಜಿಸ್ಟ್ರೇಟರಿಗೂ ಇಂದೇ ಕಳಿಸಿ. ತಡವಾದಷ್ಟೂ ಅದರ ಬೆಲೆ ಇಳಿಯುತ್ತದೆ.

ಅಡಿಕೆ ನಿಮ್ಮದೇ ಆಗಿದ್ದರೆ ಪಹಣಿ, ಹಿಂದಿನ ವರ್ಷಗಳ ಮಂಡಿ ಪಟ್ಟಿಗಳೊಂದಿಗೆ ಬಿಡುಗಡೆಗೆ ಅರ್ಜಿ ಹಾಕಿ. ಜಪ್ತಿಯಾದ ವಸ್ತು ಠಾಣೆಯಲ್ಲಿ ಕೊಳೆಯಬಾರದೆಂದು ಸುಪ್ರೀಂ ಕೋರ್ಟ್ ಸುಂದರಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ ಹೇಳಿದೆ. ನಮ್ಮ ಮಳೆಗಾಲದಲ್ಲಿ ಚೀಲದ ಅಡಿಕೆಗೆ ಬೂಸ್ಟು ಬರಲು ಎಷ್ಟು ದಿನ ಬೇಕೆಂಬುದು ಇಲ್ಲಿರುವ ಎಲ್ಲರಿಗೂ ಗೊತ್ತು.

ಭದ್ರಾವತಿಯ ಸದಸ್ಯರು: ಇಷ್ಟೆಲ್ಲ ಅಲೆದಾಟವೇ ಬೇಡ. ನಮ್ಮ ಇನ್ನೊಂದು ಗುಂಪಿನಲ್ಲಿ ಬಂದ ಸಂದೇಶ ಹೀಗಿದೆ: "ವಾರಂಟ್ ತೋರಿಸದಿದ್ದರೆ ಬಾಗಿಲು ತೆರೆಯಬೇಡಿ. ವಾರಂಟ್ ಇಲ್ಲದೆ ಸಿಕ್ಕಿದ್ದು ಸಾಕ್ಷ್ಯವೇ ಅಲ್ಲ. ಮೊಬೈಲ್ ಮುಟ್ಟುವಂತಿಲ್ಲವೆಂದು 2014ರಲ್ಲೇ ಸುಪ್ರೀಂ ಕೋರ್ಟ್ ತೀರ್ಪು ನೀಡಿದೆ. ಎಲ್ಲರಿಗೂ ಕಳಿಸಿ."

ವಕೀಲರು: ದಯವಿಟ್ಟು ಯಾರಿಗೂ ಕಳಿಸಬೇಡಿ. ಇದನ್ನು ನಂಬಿ ಬಾಗಿಲಿಗೆ ಅಡ್ಡ ನಿಂತವರ ಮೇಲೆ ಕರ್ತವ್ಯಕ್ಕೆ ಅಡ್ಡಿಯ ಪ್ರಕರಣ ದಾಖಲಾದರೆ ಸಂದೇಶ ಕಳಿಸಿದವರು ಜಾಮೀನಿಗೆ ಬರುವುದಿಲ್ಲ. ಬಂಧಿಸಬೇಕಾದ ವ್ಯಕ್ತಿ ಒಳಗಿದ್ದಾನೆಂದು ನಂಬಲು ಕಾರಣವಿದ್ದು, ಕೇಳಿದರೂ ಪ್ರವೇಶ ಸಿಗದಿದ್ದರೆ ಬಾಗಿಲು ಒಡೆಯಲು ಕಲಂ 44 ಅಧಿಕಾರ ಕೊಟ್ಟಿದೆ. ಶೋಧ ಕ್ರಮ ತಪ್ಪಿದೆ ಎಂಬ ಒಂದೇ ಕಾರಣಕ್ಕೆ ಸಿಕ್ಕ ವಸ್ತು ಸಾಕ್ಷ್ಯದಿಂದ ಹೊರಬೀಳುವುದಿಲ್ಲವೆಂದು ನಮ್ಮ ಸುಪ್ರೀಂ ಕೋರ್ಟಿನ 1963ರ ರಾಧಾಕಿಶನ್ ಮತ್ತು 1974ರ ಪೂರನ್ ಮಲ್ ತೀರ್ಪುಗಳು ಹೇಳಿವೆ. ಕ್ರಮ ತಪ್ಪಿದಲ್ಲಿ ನ್ಯಾಯಾಲಯ ಆ ಸಾಕ್ಷ್ಯವನ್ನು ಹೆಚ್ಚು ಎಚ್ಚರದಿಂದ ತೂಗುತ್ತದೆ. ಇನ್ನು 2014ರ ರೈಲಿ ತೀರ್ಪು ಅಮೆರಿಕದ ಸುಪ್ರೀಂ ಕೋರ್ಟಿನದು. ನಮ್ಮ ಹೈಕೋರ್ಟ್ 2021ರ ವೀರೇಂದ್ರ ಖನ್ನಾ ಪ್ರಕರಣದಲ್ಲಿ, ಮೊಬೈಲ್ ಶೋಧಕ್ಕೆ ಸಾಮಾನ್ಯವಾಗಿ ನ್ಯಾಯಾಲಯದ ವಾರಂಟ್ ಬೇಕು, ತುರ್ತಿದ್ದರೆ ಕಾರಣ ಬರೆದಿಡಬೇಕು ಎಂದಿದೆ.

ಭದ್ರಾವತಿಯ ಸದಸ್ಯರು: ಒಳ್ಳೆಯ ಉದ್ದೇಶದಿಂದ ಹಾಕಿದ್ದೆ. ಅದನ್ನು ಕಳಿಸಿದವರೂ ಓದಿದವರೇ.

ತೀರ್ಥಹಳ್ಳಿಯ ಸದಸ್ಯರು: ನಮ್ಮ ಅಂಗಳದಲ್ಲಿ ಒಣಗಿಸಿದ್ದ ಅಡಿಕೆ ರಾತ್ರೋರಾತ್ರಿ ಹೋದಾಗ ಯಾವ ಕಲಮೂ ನಮ್ಮ ಜೊತೆ ನಿಲ್ಲಲಿಲ್ಲ. ಕಳ್ಳರ ಮನೆ ಶೋಧಿಸಲು ಇಷ್ಟು ಕಟ್ಟುಪಾಡು ಹಾಕಿದರೆ ಮಾಲು ಸಿಗುವುದು ಹೇಗೆ?

ಹೊಸನಗರದ ಸದಸ್ಯರು: ನನ್ನ ತಮ್ಮ ಕಳ್ಳನೆಂದು ಯಾವ ನ್ಯಾಯಾಲಯವೂ ಹೇಳಿಲ್ಲ. ಮಾತು ಹಿಂತೆಗೆದುಕೊಳ್ಳಿ.

ತೀರ್ಥಹಳ್ಳಿಯ ಸದಸ್ಯರು: ನಿಮ್ಮ ತಮ್ಮನ ಹೆಸರು ನಾನು ಎತ್ತಿಲ್ಲ. ಕಳೆದುಕೊಂಡವರ ಮಾತಿಗೂ ಈ ಗುಂಪಿನಲ್ಲಿ ಜಾಗ ಇರಲಿ.

ಸಾಗರದ ಸದಸ್ಯರು: ಪಂಚರಾಗಿ ಹೋದವರು ವರ್ಷಗಟ್ಟಲೆ ಕೋರ್ಟಿಗೆ ಅಲೆಯುತ್ತಾರೆ. ಊರಿನವರು ಯಾರೂ ಮುಂದೆ ಬರದಿದ್ದಾಗ ಪೊಲೀಸರಾದರೂ ಏನು ಮಾಡಬೇಕು? ನೀವಿಬ್ಬರೂ ಎಂದಾದರೂ ಪಂಚರಾಗಿ ನಿಂತಿದ್ದೀರಾ?

ವಕೀಲರು: ತೀರ್ಥಹಳ್ಳಿಯವರೇ, ನಿಮ್ಮ ನೋವು ನನಗೆ ಅರ್ಥವಾಗುತ್ತದೆ, ಆದರೆ ಈ ಕ್ರಮ ನಿಮಗೂ ಬೇಕಾದದ್ದೇ. ಯಾರ ಚೀಲ, ಯಾವ ಗುರುತು, ಎಲ್ಲಿಂದ ತೆಗೆದದ್ದು ಎಂಬುದು ಮಹಜರಿನಲ್ಲಿ ಸರಿಯಾಗಿ ಇಲ್ಲದಿದ್ದರೆ, ನಿಜವಾದ ಕಳ್ಳನ ಪರ ವಕೀಲರು ಮೊದಲು ಹಿಡಿಯುವುದು ಅದನ್ನೇ, ಮತ್ತು ಸಂಶಯದ ಲಾಭ ಆರೋಪಿಗೆ ಹೋಗುತ್ತದೆ. ಸಾಗರದವರೇ, ಪಂಚರು ವಿಶೇಷವಾಗಿ ಸಮನ್ಸ್ ಬಂದರೆ ಮಾತ್ರ ಕೋರ್ಟಿಗೆ ಬರಬೇಕು, ಲಿಖಿತವಾಗಿ ಕರೆದಾಗ ಸಕಾರಣವಿಲ್ಲದೆ ನಿರಾಕರಿಸುವುದು ಅಪರಾಧ.

ಶಿವಮೊಗ್ಗದ ಸದಸ್ಯರು: ನನ್ನ ಮಗನ ಸಹಪಾಠಿಯ ಕಾಲೇಜು ಚೀಲದಲ್ಲಿ ಗಾಂಜಾ ಸಿಕ್ಕಿದೆಯಂತೆ. ಗೆಜೆಟೆಡ್ ಅಧಿಕಾರಿ ಇರಲಿಲ್ಲ. ಪ್ರಕರಣ ಬಿದ್ದುಹೋಗುತ್ತದೆಯೇ?

ವಕೀಲರು: ಗೆಜೆಟೆಡ್ ಅಧಿಕಾರಿಯ ಎದುರು ಶೋಧಿಸಿ ಎಂದು ಕೇಳುವ ಹಕ್ಕು ಕೊಡುವ, ಮಾದಕವಸ್ತು ಕಾಯ್ದೆಯ ಕಲಂ 50 ಮೈ ಶೋಧಕ್ಕೆ ಅನ್ವಯಿಸುತ್ತದೆ. ಕೈಯಲ್ಲಿದ್ದ ಚೀಲಕ್ಕೆ ಅನ್ವಯಿಸುವುದಿಲ್ಲ. 2005ರ ಪವನ್ ಕುಮಾರ್ ತೀರ್ಪು ಅದೇ. ಹಣವಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಲಿ, ಸಹಾಯವಾಣಿ 15100.

ಸೊರಬದ ಸದಸ್ಯರು: ಹಾಗಾದರೆ ಜೇಬು ನೋಡಲು ವಾರಂಟ್ ಬೇಡವೇ?

ವಕೀಲರು: ಮೊದಲನೆಯ ಉತ್ತರ ಓದಿ.

ಭದ್ರಾವತಿಯ ಸದಸ್ಯರು: ಇನ್ನೊಂದು ಸಂದೇಶ ಬಂದಿದೆ, ಇದು ವಕೀಲರೇ ಬರೆದದ್ದಂತೆ. ಹಾಕಲೇ?

ವಕೀಲರು: ಬೇಡ.

ಸಾಗರದ ಸದಸ್ಯರು: ಮೇಡಂ, ಅರಣ್ಯ ಇಲಾಖೆಯವರು ಬೀಟೆ ಮರದ ತುಂಡಿಗಾಗಿ ಕೊಟ್ಟಿಗೆ ಶೋಧಿಸಿದರೆ ಇದೇ ನಿಯಮವೇ?

ತೀರ್ಥಹಳ್ಳಿಯ ಸದಸ್ಯರು: ಕಳೆದುಹೋದ ಮಾಲು ಗುರುತಿಸಲು ಚೀಲದ ಮೇಲೆ ಏನು ಬರೆಯಬೇಕು ಎಂದಾದರೂ ಯಾರಾದರೂ ಹೇಳಿ.

ಹೊಸನಗರದ ಸದಸ್ಯರು: ಮೇಡಂ, ಅಮ್ಮನ ಹೇಳಿಕೆ ಬರೆದಾಯಿತು. ಸ್ಪೀಡ್ ಪೋಸ್ಟಿನಲ್ಲಿ ಕಳಿಸಲೇ, ಖುದ್ದಾಗಿ ಕೊಡಲೇ?

ವಕೀಲರು: ಖುದ್ದಾಗಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಮೊಹರೂ ದಿನಾಂಕವೂ ಹಾಕಿಸಿಕೊಳ್ಳಿ. ತೆಗೆದುಕೊಳ್ಳದಿದ್ದರೆ ಅಂಚೆಯಲ್ಲಿ ಕಳಿಸಿ.